ನಾಮಿನಿಯ ಜಾಗದಲ್ಲಿ ಅಕ್ಕನ ಮಗಳು

ಕಳೆದ ವರ್ಷ ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಂಗಳೂರಿನ ಹಂಪನಕಟ್ಟೆಯ ಒಂದು ಬ್ಯಾಂಕಿನಲ್ಲಿ ಸೀತಾರಾಮ ಎಂಬ ಅರವತ್ತೆರಡು ವರ್ಷದವರ ಪಿಂಚಣಿ ಅರ್ಜಿ ವಾಪಸಾಯಿತು. ಸಹಿ ಸರಿಯಿತ್ತು, ಫೋಟೊ ಸರಿಯಿತ್ತು, ಆಧಾರ್ ಪ್ರತಿಯೂ ಸರಿಯಿತ್ತು. ತಾವು ತೀರಿಕೊಂಡರೆ ಹಣ ಯಾರ ಕೈಗೆ ಹೋಗಬೇಕು ಎಂದು ಕೇಳುವ ನಾಮಿನಿಯ ಜಾಗದಲ್ಲಿ ಅವರು ಅಕ್ಕನ ಮಗನ ಹೆಸರು ಬರೆದಿದ್ದರು. ಅವರ ಹೆಂಡತಿ ವಿನೋದಾ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಮೂರನೆಯ ಕುರ್ಚಿಯಲ್ಲಿ ನಾನಿದ್ದೆ, ಅವರ ಮನೆಯ ಬಾಡಿಗೆದಾರಳು.

"ಸರ್, ಇದರಲ್ಲಿ ಹೆಂಡತಿಯ ಹೆಸರು ಬರೀಬೇಕು," ಎಂದರು ಬ್ಯಾಂಕಿನ ಅಧಿಕಾರಿ ಪ್ರೆಸಿಲ್ಲಾ. "ಕುಟುಂಬ ಇದ್ದವರು ಕುಟುಂಬದ ಹೊರಗಿನವರನ್ನು ನಾಮಿನಿ ಮಾಡ್ಲಿಕ್ಕೆ ಆಗುದಿಲ್ಲ."

"ಹೊರಗಿನವನು ಯಾರು? ಅವನು ನನ್ನ ಅಕ್ಕನ ಮಗ."

"ಅದೇ ಸರ್. ಅಕ್ಕನ ಮಗ ಈ ಫಾರ್ಮಿನ ಪ್ರಕಾರ ಕುಟುಂಬ ಅಲ್ಲ."

"ಮತ್ತೆ ಕುಟುಂಬ ಅಂದ್ರೆ ಎಂತ?"

"ಹೆಂಡತಿ, ಮಕ್ಕಳು, ನಿಮ್ಮ ಆಸರೆಯಲ್ಲಿ ಇರುವ ಅಪ್ಪ ಅಮ್ಮ."

"ಇದು ಯಾವ ಊರಿನ ನಿಯಮ ಮಾರಾಯ್ರೆ? ನನ್ನ ಅಮ್ಮನ ಅಣ್ಣ ಅವರದ್ದೆಲ್ಲ ನಮಗೆ ಬರೆದದ್ದು. ನಾನು ನನ್ನ ಅಕ್ಕನ ಮಗನಿಗೆ ಬರೀತೇನೆ. ಇದರಲ್ಲಿ ತಪ್ಪು ಎಂತ ಉಂಟು?"

ಪ್ರೆಸಿಲ್ಲಾ ಉತ್ತರಿಸುವ ಮೊದಲು ವಿನೋದಕ್ಕ ಬಾಯಿ ಹಾಕಿದರು. "ಮೇಡಂ, ಆ ನಿಯಮದ್ದು ನನಗೊಂದು ಝೆರಾಕ್ಸ್ ಕೊಡಿ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ಹೊರಗಿನವಳು ಅಲ್ಲ ಅಂತ ದೆಹಲಿಯಿಂದ ಬರೆದು ಬಂದಿದೆ. ಫ್ರೇಮ್ ಹಾಕಿಸ್ತೇನೆ."

ಸೀತಾರಾಮಣ್ಣ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಮಂಗಳೂರಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಗಂಡಸೊಬ್ಬ ಹೆಂಡತಿಯ ಎದುರಿಗೇ ಅಕ್ಕನ ಮಗನ ಹೆಸರು ಬರೆಯುವುದನ್ನೂ, ಹೆಂಡತಿ ಅದಕ್ಕೆ ಸಿಟ್ಟಾಗದೆ ತಮಾಷೆ ಮಾಡುವುದನ್ನೂ ಅಲ್ಲಿಯವರೆಗೆ ನೋಡಿರಲಿಲ್ಲ.

ನನ್ನ ಊರು ಕಲಬುರಗಿಯಲ್ಲಿ ಕುಳಿತು ಇದನ್ನು ಓದುವವರಿಗೆ ಸ್ವಲ್ಪ ವಿವರ ಬೇಕು. ಇಲ್ಲಿಯ ತುಳು ಮಾತನಾಡುವ ಹಲವು ಮನೆತನಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಗಂಡಸಿನ ಪಾಲು ಅವನ ಮಕ್ಕಳಿಗಲ್ಲ, ಅವನ ಅಕ್ಕ ತಂಗಿಯರ ಮಕ್ಕಳಿಗೆ. ಇದನ್ನು ಅಳಿಯಕಟ್ಟು ಎನ್ನುತ್ತಾರೆ. ಕಾನೂನು ಬಹಳ ಹಿಂದೆಯೇ ಬದಲಾಗಿದೆ, ಈಗ ಮಕ್ಕಳಿಗೂ ಹೆಂಡತಿಗೂ ಹಕ್ಕಿದೆ. ರೂಢಿ ಮಾತ್ರ ಕೆಲವರ ಕೈಬೆರಳಲ್ಲಿ ಉಳಿದುಕೊಂಡಿದೆ. ಪೆನ್ನು ಹಿಡಿದಾಗ ತಾನಾಗಿಯೇ ಹೊರಬರುತ್ತದೆ.

ನನ್ನ ಕೈಬೆರಳಲ್ಲಿಯೂ ನಮ್ಮ ಕಡೆಯ ರೂಢಿ ಇತ್ತು. ಮಂಗಳೂರಿನ ಬೋಳಾರದಲ್ಲಿ ಇವರ ಮನೆಯ ಮೇಲಿನ ಮಹಡಿಯನ್ನು ಗೊತ್ತು ಮಾಡಿದ ದಿನ ಮುಂಗಡದ ಚೆಕ್ಕನ್ನು ಸೀತಾರಾಮಣ್ಣನ ಹೆಸರಿಗೆ ಬರೆದು ಕೊಟ್ಟಿದ್ದೆ. ಅವರು ನೋಡಿ ನಕ್ಕು ಹಿಂದಿರುಗಿಸಿದರು. "ಮನೆ ಅವಳದ್ದು. ಅವಳ ಅಜ್ಜಿಯಿಂದ ಅವಳ ಅಮ್ಮನಿಗೆ, ಅಮ್ಮನಿಂದ ಅವಳಿಗೆ. ನಾನು ಕೂಡ ಇಲ್ಲಿ ನಿಮ್ಮ ಹಾಗೆ, ಬಾಡಿಗೆ ಕೊಡುದಿಲ್ಲ ಅಷ್ಟೆ." ನಲವತ್ತಾರು ವರ್ಷದಲ್ಲಿ ನಾನು ಬಾಡಿಗೆಗಿದ್ದ ಮನೆಗಳು ಆರು. ಹೆಂಗಸಿನ ಹೆಸರಿಗೆ ಚೆಕ್ ಬರೆದದ್ದು ಅದೇ ಮೊದಲು.

ಇಲ್ಲಿಗೆ ಬಂದ ಕಾರಣವನ್ನೂ ದಾಖಲಿಸಬೇಕು. ಹತ್ತೊಂಬತ್ತು ವರ್ಷ ನಾನು ಉಪಸಂಪಾದಕಿಯಾಗಿದ್ದ ಪತ್ರಿಕೆ ಕಲಬುರಗಿ ಆವೃತ್ತಿಯನ್ನು ನಿಲ್ಲಿಸಿತು. ಕಾನೂನಿನಂತೆ ಬರಬೇಕಾದದ್ದು ಪೂರ್ತಿ ಬಂತು, ದೂರು ಇಲ್ಲ. ಎಂಟು ಲಕ್ಷ ಚಿಲ್ಲರೆ. ಆಮೇಲೆ ಸಿಕ್ಕ ಕೆಲಸ ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ, ಇನ್ನೊಂದು ಪತ್ರಿಕೆಯ ಹಗಲು ಪಾಳಿ, ಗುತ್ತಿಗೆಯ ಮೇಲೆ. ಸಂಬಳ ಪರವಾಗಿಲ್ಲ. ಭವಿಷ್ಯನಿಧಿ ಇಲ್ಲ, ಪಿಂಚಣಿ ಇಲ್ಲ. ಅಂದರೆ ಅರವತ್ತರ ನಂತರ ನನ್ನನ್ನು ಸಾಕಬೇಕಾದದ್ದು ಆ ಎಂಟು ಲಕ್ಷ ಮತ್ತು ಮುಂದಿನ ಹದಿನಾಲ್ಕು ವರ್ಷ ನಾನು ಅದಕ್ಕೆ ಸೇರಿಸುವುದು. ಮದುವೆಯಾಗಿಲ್ಲ. ಅಪ್ಪ ಅವ್ವ ತೀರಿಕೊಂಡಿದ್ದಾರೆ. ಅಕ್ಕ ಗಿರಿಜಾ ಕೂಡ ಹೋದಳು. ಅವಳ ಮಗಳು ಭಾಗ್ಯಾಳನ್ನು ಹತ್ತು ವರ್ಷದವಳಿದ್ದಾಗಿನಿಂದ ಓದಿಸುತ್ತಿರುವುದು ನಾನು. ಭಾಗ್ಯಾ ಈಗ ನರ್ಸಿಂಗ್ ಓದುತ್ತಾ ಕಲಬುರಗಿಯಲ್ಲಿ ನನ್ನ ತಮ್ಮ ಬಸವರಾಜನ ಮನೆಯಲ್ಲಿದ್ದಾಳೆ.

ಮೊದಲ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿಯ ಬೆವರು ಒಣಗುವುದಿಲ್ಲ. ನಮ್ಮಲ್ಲಿ ನಲವತ್ತಮೂರು ಡಿಗ್ರಿಯಲ್ಲೂ ಒಗೆದ ಸೀರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಇಲ್ಲಿ ಕರಿದ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಗುತ್ತದೆ. ಕುಚ್ಚಲಕ್ಕಿಯ ಕೆಂಪು ದಪ್ಪ ಅನ್ನ ಗಂಟಲಿನಲ್ಲಿ ಇಳಿಯಲು ಎರಡು ತಿಂಗಳು ಹಿಡಿಯಿತು. ಜೋಳದ ರೊಟ್ಟಿ ಮಾತ್ರ ನಾನು ಅಂದುಕೊಂಡಷ್ಟು ದೂರವಿರಲಿಲ್ಲ. ಬೋಳಾರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಕಟ್ಟಡ ಕೆಲಸಕ್ಕೆ ಬರುವವರು ನಮ್ಮವರೇ, ಅವರಿಗಾಗಿ ರೊಟ್ಟಿ ಬಡಿಯುವವರೂ ಇದ್ದಾರೆ. ವಿನೋದಕ್ಕ ಮೊದಲ ದಿನ ನನ್ನನ್ನು ಕೇಳಿದ್ದೇ ಅದನ್ನು: "ಕಲಬುರಗಿಯಾ? ಎದುರಿನ ಬಿಲ್ಡಿಂಗಿನ ಮೇಸ್ತ್ರಿ ನಿಮಗೆ ಗೊತ್ತುಂಟಾ?"

ನನ್ನ ಕನ್ನಡ ಅವರಿಗೆ ಒರಟು, ಅವರ ಕನ್ನಡ ನನಗೆ ಪಠ್ಯಪುಸ್ತಕ. ಅವರವರಲ್ಲಿ ಮಾತಾಡುವುದು ತುಳು. ನಾನು ಕಲಿತ ಮೊದಲ ವಾಕ್ಯ "ವನಸ್ ಆಂಡಾ", ಊಟ ಆಯ್ತಾ ಎಂದು. ಅದನ್ನು ಕೆಳಗಿನ ಮನೆಯ ಬಾಗಿಲಲ್ಲಿ ನಿಂತು ಹೇಳಿದ ದಿನ ನನಗೆ ಎರಡನೆಯ ಊಟ ಸಿಕ್ಕಿತು. ಹಬ್ಬದ ಎರಡು ದಿನ ಕಚೇರಿಗೆ ರಜೆ ಬಂದಾಗ ಫೋನಿನಲ್ಲಿ ಬಿಟ್ಟರೆ ಯಾರೊಂದಿಗೂ ನನ್ನ ಮಾತಿನಲ್ಲಿ ಮಾತಾಡಲಿಲ್ಲ ಎಂಬುದೂ ನಿಜ.

ಜೂನಿನ ಆ ಸೋಮವಾರ ಬ್ಯಾಂಕಿಗೆ ಅವರೊಂದಿಗೆ ಹೋದದ್ದು ನನ್ನ ಸ್ವಾರ್ಥಕ್ಕೆ. ಎಂಟು ಲಕ್ಷ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು. ಕಲಬುರಗಿಯಲ್ಲಿ ಉಳಿತಾಯವೆಂದರೆ ಪ್ಲಾಟು, ಇಲ್ಲವೆ ಬಂಗಾರ. ಮಂಗಳೂರಿನಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರೂ ಠೇವಣಿಯ ಬಡ್ಡಿದರ ಮಾತಾಡುತ್ತಾರೆ. ಮನೆಗೊಬ್ಬರು ಕೊಲ್ಲಿ ದೇಶದಲ್ಲಿ ದುಡಿದವರು, ಬೀದಿಗೊಂದು ಬ್ಯಾಂಕು.

ಕಚೇರಿಯಲ್ಲಿ ಸುದ್ದಿಯನ್ನು ಪರಿಶೀಲಿಸುವ ಹಾಗೆ ನಾನು ಒಂದು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದುಕೊಂಡೆ: ಹಣ ಯಾವಾಗ ಸಿಗುತ್ತದೆ, ಎಷ್ಟು ಖಚಿತ. ಅದರ ಕೆಳಗೆ ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯನಿಧಿ. ಹದಿನೈದು ವರ್ಷದ ಖಾತೆ, ಬಡ್ಡಿಯನ್ನು ಸರ್ಕಾರ ಗೊತ್ತುಮಾಡುತ್ತದೆ, ಕೊನೆಯಲ್ಲಿ ಬರುವುದಕ್ಕೆ ತೆರಿಗೆಯಿಲ್ಲ. ಆದರೆ ವರ್ಷಕ್ಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಹಾಕುವಂತಿಲ್ಲ, ನನ್ನದೆಲ್ಲ ಅದರೊಳಗೆ ಹೋಗಲು ವರ್ಷಗಳೇ ಬೇಕು. ಇನ್ನೊಂದು ಕಡೆ ಎನ್‌ಪಿಎಸ್, ಸೀತಾರಾಮಣ್ಣ ಅರ್ಜಿ ಹಾಕಿದ ರಾಷ್ಟ್ರೀಯ ಪಿಂಚಣಿ ಯೋಜನೆ. ಹಾಕಲು ಮೇಲಿನ ಮಿತಿಯಿಲ್ಲ. ಹಣ ಷೇರು, ಸಾಲಪತ್ರಗಳಲ್ಲಿ ಬೆಳೆಯುತ್ತದೆ, ಹಾಗಾಗಿ ಇಷ್ಟೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಅರವತ್ತಾದಾಗ ಒಂದು ಪಾಲು ಕೈಗೆ, ಉಳಿದ ಪಾಲಿನಿಂದ ಕಡ್ಡಾಯವಾಗಿ ತಿಂಗಳ ಪಿಂಚಣಿ. ಎಷ್ಟೆಷ್ಟು ಪಾಲು ಎಂಬ ನಿಯಮ ಬದಲಾಗುತ್ತಿರುತ್ತದೆ. ಓದುವವರು ತಮ್ಮ ಬ್ಯಾಂಕಿನಲ್ಲಿ ಕೇಳಿಯೇ ಮುಂದುವರಿಯಬೇಕು.

ಹಾಳೆಯನ್ನು ಜುಲೈ ಕೊನೆಯ ಭಾನುವಾರ ಕೆಳಗಿನ ಜಗಲಿಯಲ್ಲಿ ಸೀತಾರಾಮಣ್ಣನಿಗೆ ತೋರಿಸಿದೆ. ಮಸ್ಕತ್ತಿನಲ್ಲಿ ಇಪ್ಪತ್ತಾರು ವರ್ಷ ಹೋಟೆಲಿನ ಉಗ್ರಾಣ ನೋಡಿಕೊಂಡವರು. ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇದೆಲ್ಲ ಸರಿ ಉಂಟು. ಮೂರನೇ ಪ್ರಶ್ನೆ ಬರೆದೇ ಇಲ್ಲ ನೀವು."

"ಯಾವುದು?"

"ಯಾರು ಕೇಳಿದ್ರೆ ನಿಮಗೆ ಇಲ್ಲ ಅಂತ ಹೇಳ್ಲಿಕ್ಕೆ ಬರುದಿಲ್ಲ? ಅದು." ಅವರು ಹಾಳೆ ಕೆಳಗಿಟ್ಟರು. "ನಾನು ಪ್ರತಿ ಸಲ ರಜೆಗೆ ಬಂದಾಗ ಒಂದು ಡೆಪಾಸಿಟ್ ಮಾಡ್ತಿದ್ದೆ. ಮುಂದಿನ ರಜೆಗೆ ಬರುವಾಗ ಅದು ಇರ್ತಿರಲಿಲ್ಲ. ಒಬ್ಬನ ವೀಸಾ, ಒಬ್ಬಳ ಮದುವೆ, ಒಬ್ಬರ ಮನೆಯ ಸ್ಲ್ಯಾಬ್. ಯಾರೂ ಮೋಸ ಮಾಡಿದ್ದಲ್ಲ. ಕೇಳಿದ್ರು, ಕೊಟ್ಟೆ."

ಒಳಗಿನಿಂದ ವಿನೋದಕ್ಕನ ದನಿ ಬಂತು. "ನಾನು ಕೇಳಿದ ವಾಷಿಂಗ್ ಮಿಷನ್ ಮಾತ್ರ ಹನ್ನೆರಡು ವರ್ಷ ಆದ್ಮೇಲೆ ಬಂದದ್ದು."

"ನೋಡಿ, ಇವಳಿಗೊಬ್ಬಳಿಗೆ ಇಲ್ಲ ಹೇಳ್ಲಿಕ್ಕೆ ನನಗೆ ಬರ್ತಿತ್ತು," ಎಂದರು ಸೀತಾರಾಮಣ್ಣ.

ನಾನು ಮೇಲೆ ಬಂದು ಆ ಪ್ರಶ್ನೆಯನ್ನು ಹಾಳೆಯಲ್ಲಿ ಸೇರಿಸಿದೆ. ಉತ್ತರ ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಹಿಂದೆ ಎರಡು ಠೇವಣಿ ಇಟ್ಟಿದ್ದೆ. ಒಂದು ತಮ್ಮನ ಮದುವೆಗೆ ಹೋಯಿತು, ಒಂದು ಅಕ್ಕನ ಚಿಕಿತ್ಸೆಗೆ. ಎರಡನ್ನೂ ಅವಧಿಗೆ ಮೊದಲು ಮುರಿಸಿದ್ದು ನಾನೇ. ಎರಡನೆಯದಕ್ಕೆ ಪಶ್ಚಾತ್ತಾಪವಿಲ್ಲ. ಮೂರನೆಯ ಬಾರಿಗೆ ಮುರಿಯಲು ಏನೂ ಉಳಿಯುವುದಿಲ್ಲ ಎಂಬುದಷ್ಟೇ ಸಂಗತಿ. ಪಿಪಿಎಫ್‌ನಿಂದ ಕೆಲವು ವರ್ಷಗಳ ನಂತರ ಒಂದಷ್ಟನ್ನು ಕಾರಣ ಹೇಳದೆ ತೆಗೆಯಬಹುದು. ಎನ್‌ಪಿಎಸ್‌ನಿಂದ ಅರವತ್ತಕ್ಕೆ ಮೊದಲು ತೆಗೆಯಲು ಕಾಯಿಲೆಯಂಥ ಗೊತ್ತುಮಾಡಿದ ಕಾರಣಗಳು ಬೇಕು, ಅದೂ ಸ್ವಲ್ಪವೇ. ಎಲ್ಲರೂ ಅದರ ದೋಷವೆಂದು ಹೇಳುತ್ತಿದ್ದ ಆ ಬೀಗವೇ ನನಗೆ ಬೇಕಾದದ್ದು.

ಬಸವರಾಜನ ಫೋನು ಬಂದದ್ದು ಅದೇ ವಾರ.

"ಅಕ್ಕಾ, ಪ್ಲಾಟ್ ನೋಡೀನಿ. ಮೂವತ್ತು ನಲ್ವತ್ತು, ರಿಂಗ್ ರೋಡಿನ ಆಚಿ. ನಿನ್ ರೊಕ್ಕ ನನ್ ರೊಕ್ಕ ಕೂಡಿಸಿದ್ರ ಬರ್ತದ. ಟೋಕನ್ ಕೊಟ್ಟು ಬಂದೀನಿ."

"ನನಗ ಕೇಳದೇನೇ?"

"ನಿನಗೇನ್ ಕೇಳೋದು? ನೀ ಯಾವಾಗರೆ ಇಲ್ಲ ಅಂದೀದಿ?"

"ಯಾರ ಹೆಸರಿಗಿ?"

"ನನ್ ಹೆಸರಿಗಿ. ನೀ ಅಷ್ಟ್ ದೂರ ಇದ್ದೀ, ರಿಜಿಸ್ಟ್ರಿಗಿ ಹ್ಯಾಂಗ ಬರ್ತೀ?"

ಬಸವರಾಜ ದುರಾಸೆಯವನಲ್ಲ. ಭಾಗ್ಯಾಳ ಅಪ್ಪ ಬೇರೆ ಸಂಸಾರ ಮಾಡಿಕೊಂಡು ಹೋದಾಗ ಅವಳಿಗೆ ಮನೆಯಲ್ಲಿ ಜಾಗ ಕೊಟ್ಟವನು ಅವನು. ಅಕ್ಕನ ರೊಕ್ಕ ಮನೆಯ ರೊಕ್ಕ, ಮನೆ ಗಂಡಸಿನ ಹೆಸರಿಗೆ ಎಂಬುದು ಅವನಿಗೆ ವಾದವೇ ಅಲ್ಲ, ಹವಾಮಾನದಂತೆ ತಾನಾಗಿ ಇರುವಂಥದು. ವಿಚಾರ ಮಾಡುತ್ತೇನೆ ಎಂದು ಹೇಳಿ ಫೋನಿಟ್ಟೆ.

ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಹಂಪನಕಟ್ಟೆಯ ಬ್ಯಾಂಕಿಗೆ ಹೋದೆ. ಐದು ತಿಂಗಳ ಖರ್ಚಿಗಾಗುವಷ್ಟನ್ನು ಠೇವಣಿಯಲ್ಲಿ ಬಿಟ್ಟು ಉಳಿದದ್ದನ್ನು ಎನ್‌ಪಿಎಸ್‌ಗೆ ಹಾಕುವುದಾಗಿ ಹೇಳಿದೆ. ವಯಸ್ಸು ಏರಿದಂತೆ ಷೇರಿನ ಪಾಲನ್ನು ತಾನಾಗಿಯೇ ಇಳಿಸುತ್ತ ಹೋಗುವ ಆಯ್ಕೆಯನ್ನು ಗುರುತು ಮಾಡಿದೆ. ಆಮೇಲೆ ನಾಮಿನಿಯ ಜಾಗ ಬಂತು.

"ಮದುವೆ?" ಪ್ರೆಸಿಲ್ಲಾ ಕೇಳಿದರು.

"ಇಲ್ಲ."

"ಅಪ್ಪ, ಅಮ್ಮ?"

"ಇಲ್ಲ."

"ಹಾಗಾದ್ರೆ ಇದರ ಪ್ರಕಾರ ನಿಮಗೆ ಕುಟುಂಬ ಇಲ್ಲ." ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. "ಅಂದ್ರೆ, ಯಾರ ಹೆಸರು ಬೇಕಾದ್ರೂ ಬರೀಬಹುದು ಅಂತ. ಮುಂದೆ ಮದುವೆ ಆದ್ರೆ ಇದು ರದ್ದಾಗ್ತದೆ, ಹೊಸತಾಗಿ ಬರೀಬೇಕು."

"ನಲವತ್ತಾರಕ್ಕಾ?"

"ನಿಯಮ ಹೇಳಿದ್ದು ಮೇಡಂ. ಆಸೆ ಹುಟ್ಟಿಸ್ಲಿಕ್ಕೆ ಅಲ್ಲ."

ನಾನು ಭಾಗ್ಯಾಳ ಹೆಸರು ಬರೆದೆ. ಸಂಬಂಧದ ಜಾಗದಲ್ಲಿ ಅಕ್ಕನ ಮಗಳು ಎಂದು ಬರೆದು, ಕಾರಣ ಕೇಳುತ್ತಾರೆಂದು ಒಂದು ಉತ್ತರವನ್ನೂ ಸಿದ್ಧ ಮಾಡಿಕೊಂಡೆ. ಪ್ರೆಸಿಲ್ಲಾ ಓದಿ, ಮುದ್ರೆ ಒತ್ತಿ, ಮುಂದಿನ ಪುಟ ತಿರುವಿದರು. ಸಂಜೆ ವಿನೋದಕ್ಕನಿಗೆ ಹೇಳಿದಾಗಲೂ ಹಾಗೆಯೇ ಆಯಿತು.

"ಅಕ್ಕನ ಮಗಳಿಗೆ ಅಲ್ವಾ? ಮತ್ತೆ ಯಾರಿಗೆ ಬರೆಯುದು," ಎಂದು ಅವರು ಮೀನು ತೊಳೆಯುವುದನ್ನು ಮುಂದುವರಿಸಿದರು.

ನಮ್ಮ ಕಡೆ ಈ ಒಂದು ಹೆಸರಿಗಾಗಿ ನಾನು ಎಷ್ಟು ಮಂದಿಗೆ ಸಮಜಾಯಿಷಿ ಕೊಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಭಾಷೆ ಬರದ, ಬಂಧುಗಳಿಲ್ಲದ ಈ ಊರಿನಲ್ಲಿ ನಾನು ಮಾಡಿದ ಕೆಲಸವೊಂದು ಎಲ್ಲರೂ ಮಾಡುವ ಕೆಲಸದಂತೆ ಕಂಡಿತು. ಇಲ್ಲಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದ ದಿನಗಳಲ್ಲಿ ಅದೂ ಒಂದು.

ಬಸವರಾಜನಿಗೆ ನಾನೇ ಫೋನು ಮಾಡಿದೆ. ಪ್ಲಾಟಿಗೆ ಆಗುವುದಿಲ್ಲ ಎಂದೆ.

"ಯಾಕ?"

"ಆ ರೊಕ್ಕ ಈಗ ನನ್ ಕೈಯಾಗೂ ಇಲ್ಲ ಬಸು. ಪಿಂಚಣಿ ಖಾತಿಗಿ ಹಾಕೀನಿ. ಅರವತ್ತ ಆಗೋತನ ತೆಗಿಲಾಕ ಬರಲ್ಲ."

"ನಿನ್ ರೊಕ್ಕ ನಿನಗೇ ಕೊಡಲ್ಲ ಅನ್ನೋ ಖಾತಿ ಎಲ್ಲಿ ಸಿಕ್ತು ನಿನಗ?"

"ಕಲಬುರಗ್ಯಾಗೂ ಸಿಗ್ತದ. ನಾನೇ ಕೇಳಿದ್ದಿಲ್ಲ."

"ಹೆಸರು ಯಾರದು ಹಾಕೀದಿ?"

"ಭಾಗ್ಯಂದು."

"ನನ್ ಮಗ ನಿನಗ ಏನೂ ಆಗಲ್ಲ ಹಂಗಾದ್ರ."

"ನಿನ್ ಮಗಗ ನೀ ಇದ್ದೀ. ಆಕಿಗಿ ಯಾರದಾರ?"

"ನಾ ಇಲ್ಲೇನು? ಆಕಿ ಉಣ್ಣೋದು ಯಾರ ಮನ್ಯಾಗ?" ಫೋನಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ನಾನು ಆ ಮಾತನ್ನು ಹಾಗೆ ಕೇಳಬಾರದಿತ್ತು. ಒಂಬತ್ತು ವಾರ ಅವನ ಫೋನು ಬರಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಮಳೆ ಹಿಡಿದ ಊರಿನಲ್ಲಿ ಆ ಒಂಬತ್ತು ವಾರ ದೀರ್ಘವಾಗಿದ್ದವು. ಕಚೇರಿಯಲ್ಲಿ ಕಲಬುರಗಿಯ ಸುದ್ದಿ ಬಂದರೆ ಎರಡು ಸಲ ಓದುತ್ತಿದ್ದೆ. ಭಾಗ್ಯಾ ಮಾತ್ರ ತಪ್ಪದೆ ಮಾತಾಡುತ್ತಿದ್ದಳು. ಒಂದು ದಿನ ಅವಳಿಗೂ ಬೇಸರ ಬಂತು. "ಚಿಗವ್ವ, ನಿನ್ ಫೋನ್ ಬಂದಿತ್ತಾ ಅಂತ ಮಾಮ ದಿನಾ ಕೇಳ್ತಾನ. ಮಾಮ ಹ್ಯಾಂಗದಾನ ಅಂತ ನೀ ದಿನಾ ಕೇಳ್ತೀ. ನಾ ಏನ್ ಪೋಸ್ಟ್ ಆಫೀಸಾ?"

ಈ ನಡುವೆ ಇನ್ನೊಂದು ಕೆಲಸ ಮುಗಿಸಿದೆ. ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳುವವರು ಅಷ್ಟೆ. ಅದು ಕೊನೆಗೆ ಯಾರದ್ದು ಎಂಬ ಪ್ರಶ್ನೆ ಎದ್ದರೆ ವಾರಸುದಾರರ ಮಾತು ನಡೆಯಬಹುದು. ಇದನ್ನು ಕೊಡಿಯಾಲ್‌ಬೈಲಿನ ವಕೀಲರೊಬ್ಬರು ಹೇಳಿದ ಮೇಲೆ ಒಂದು ಪುಟದ ಉಯಿಲು ಬರೆಸಿದೆ. ಸಾಕ್ಷಿಗೆ ಇಬ್ಬರು ಬೇಕಿತ್ತು. ಸೀತಾರಾಮಣ್ಣ, ವಿನೋದಕ್ಕ ಬಂದರು.

"ನಮ್ಮದು ಕೂಡ ಈಗ ಸರಿ ಆಯ್ತು," ಎಂದರು ಸೀತಾರಾಮಣ್ಣ, ಸಹಿ ಹಾಕುತ್ತ. "ಪಿಂಚಣಿಗೆ ಇವಳ ಹೆಸರು. ಅಕ್ಕನ ಮಗನಿಗೆ ಬೇರೆ ಒಂದು ಡೆಪಾಸಿಟ್."

"ಸರ್ಕಾರ ಹೇಳಿದ್ದಕ್ಕೆ," ಎಂದರು ವಿನೋದಕ್ಕ.

"ಹೌದು ಮಾರಾಯ್ತಿ, ಸರ್ಕಾರ ಹೇಳಿದ್ದಕ್ಕೆ. ನೀನು ಹೇಳಿದ್ರೆ ನಾನು ಕೇಳಿದ್ದು ಉಂಟಾ?"

ವಕೀಲರ ಮೆಟ್ಟಿಲಿಳಿಯುವಾಗ ವಿನೋದಕ್ಕ ನನ್ನನ್ನು ಕೇಳಿದರು, ಅರವತ್ತಾದ ಮೇಲೆ ಊರಿಗೆ ಹೋಗುತ್ತೀರೋ ಹೇಗೆ ಎಂದು. ಗೊತ್ತಿಲ್ಲ ಎಂದೆ. ಪಿಂಚಣಿ ಎಲ್ಲಿದ್ದರೂ ಬರುತ್ತದೆ, ಅದಕ್ಕೆ ಊರು ಬೇಕಿಲ್ಲ. ನನಗೆ ಬೇಕು. ಅಲ್ಲಿ ಒಣ ಬಿಸಿಲು, ನನ್ನ ಮಾತು, ಕೇಳದೆಯೇ ತಟ್ಟೆಗೆ ಬೀಳುವ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇವೆ. ಇಲ್ಲಿ ನನ್ನ ಹೆಸರಿನ ಚೆಕ್ ಪುಸ್ತಕಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅಲ್ಲಿದ್ದಾಗ ಈ ಖಾತೆ ತೆರೆಯುತ್ತಿರಲಿಲ್ಲ. ಇಲ್ಲಿ ತೆರೆದ ಖಾತೆಯಲ್ಲಿ ನನ್ನವಳೆಂದು ಬರೆದ ಒಂದೇ ಹೆಸರು, ಭಾಗ್ಯಾಳದು, ಅಲ್ಲಿಯದು.

ಅಕ್ಟೋಬರಿನಲ್ಲಿ ಬಸವರಾಜ ಫೋನು ಮಾಡಿದ. ದೊಡ್ಡ ಪ್ಲಾಟು ಬಿಟ್ಟು ಇಪ್ಪತ್ತು ಮೂವತ್ತರ ಅಳತೆಯದನ್ನು ಅವನೊಬ್ಬನೇ ಕೊಂಡಿದ್ದ. ಜಗಳದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ, "ಆ ಖಾತಿಗಿ ಏನೇನ್ ಕಾಗದ ಬೇಕು? ನಿನ್ ತಮ್ಮನ ಹೆಂಡತಿ ಕೇಳ್ಲಕತ್ತಾಳ," ಎಂದ. ಪಟ್ಟಿ ಬರೆದು ಕಳಿಸಿದೆ. ಅವಳು ಖಾತೆ ತೆರೆದದ್ದು ಜನವರಿಯಲ್ಲಿ.

ಕಳೆದ ತಿಂಗಳು ಕಲಬುರಗಿಯ ಪ್ಲಾಟಿನಲ್ಲಿ ಪಾಯ ತೋಡಿದರು. ಬಸವರಾಜ ನಕ್ಷೆಯ ಫೋಟೊ ಕಳಿಸಿದ್ದಾನೆ. ಹಿಂದಿನ ಚಿಕ್ಕ ಕೋಣೆಯ ಮೇಲೆ ಪೆನ್ಸಿಲಿನಲ್ಲಿ ಅಕ್ಕ ಎಂದು ಬರೆದಿದೆ. ಈ ತಿಂಗಳ ಐದರಂದು ಬೋಳಾರದ ಮನೆಯ ಬಾಡಿಗೆ ಕರಾರು ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿದಿದೆ.